ಎದ್ದು ನಿಂತವರ ಲೆಕ್ಕ

ಸಂಜೆಯ ಪಾಳಿಯಲ್ಲಿ ಅರ್ಧದಷ್ಟು ಹಸುಗಳ ಹಾಲು ಕರೆದಾಗಿತ್ತು. ಎಲೋದಿಯಾ ತೆಪೋಲೆ ಎರಡು ಸಾಲು ಹಸುಗಳ ನಡುವಿನ ತಗ್ಗಿನಲ್ಲಿ ನಿಂತು, ಎದೆಮಟ್ಟಕ್ಕೆ ಬರುವ ಕೆಚ್ಚಲುಗಳನ್ನು ಒಂದೊಂದಾಗಿ ಒರೆಸಿ, ಯಂತ್ರದ ಬಟ್ಟಲುಗಳನ್ನು ಸಿಕ್ಕಿಸುತ್ತ ಹೋಗುತ್ತಿದ್ದಳು. ಎದುರು ಸಾಲಿನಲ್ಲಿ ಅವಳ ಚಿಕ್ಕಪ್ಪನ ಮಗ ಉಬಾಲ್ದೊ ರೇಡಿಯೊ ಜೊತೆ ತಾನೂ ಹಾಡುತ್ತಿದ್ದ. ಪಕ್ಕದ ಬಾಗಿಲು ತೆರೆದು ಯಜಮಾನ ಮೆರ್ಲ್ ಥೇಯರ್ ಒಳಗೆ ಬಂದ. ಅವನ ಕಾಲಲ್ಲಿ ಶುಭ್ರವಾದ ಬೂಟುಗಳಿದ್ದವು. ಕೊಟ್ಟಿಗೆಗೆ ಆ ಬೂಟು ಹಾಕಿಕೊಂಡು ಬರುವ ಮನುಷ್ಯನಲ್ಲ ಅವನು.

"ಎಲೋದಿಯಾ, ಕೈ ತೊಳ್ಕೊಂಡು ಸ್ವಲ್ಪ ಈ ಕಡೆ ಬಾ."

"ಹಸುಗಳು?"

"ಉಬಾಲ್ದೊ ನೋಡ್ಕೋತಾನೆ."

"ಎರಡೂ ಸಾಲನ್ನ ಉಬಾಲ್ದೊ ಒಬ್ನೇ ನೋಡ್ಕೊಂಡಿದ್ದು ಯಾವ ಕಾಲದಲ್ಲಿ?"

"ಹೋಗೇ ಅಕ್ಕ," ಎಂದ ಉಬಾಲ್ದೊ ಹಸುವಿನ ಕಾಲುಗಳ ಸಂದಿನಿಂದ. "ಬಂದ್ಮೇಲೆ ನನ್ನ ಮಾನ ತೆಗೀವಂತೆ."

ಮೆರ್ಲ್ ಊರ ಕಚೇರಿಯಿಂದ ನೇರ ಬಂದಿದ್ದ. ಹೇಳುವುದನ್ನು ಹೇಗೆ ಹೇಳಬೇಕೆಂದು ತಿಳಿಯದೆ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ರಾಯ್ಸ್ ಹ್ಯಾಡ್ಲಿ ಒಂದು ಕಂಪ್ಲೇಂಟ್ ಕೊಟ್ಟಿದಾನೆ. ಊರಸಭೇಲಿ ನೀನು ವೋಟು ಹಾಕಿದೀಯ ಅಂತ."

ಎಲೋದಿಯಾ ನಕ್ಕಳು. ಮೆರ್ಲ್ ನಗಲಿಲ್ಲ.

ಮಾರ್ಚ್ ತಿಂಗಳ ಮೊದಲ ಮಂಗಳವಾರ ಅಮೆರಿಕದ ವರ್ಮಾಂಟ್ ರಾಜ್ಯದ ಉಳಿದ ಊರುಗಳಂತೆ ಹಾರ್ಲೋ ಊರಿನವರೂ ಶಾಲೆಯ ಆಟದ ಹಾಲಿನಲ್ಲಿ ಮಡಚುವ ಕುರ್ಚಿಗಳ ಮೇಲೆ ಕೂತು ಊರಿನ ವ್ಯವಹಾರ ತೀರ್ಮಾನಿಸುತ್ತಾರೆ. ಚೀಟಿ, ಪೆಟ್ಟಿಗೆ ಏನೂ ಇಲ್ಲ. ಸರಿ ಅನ್ನುವವರು ಹೌದು ಎಂದು ಕೂಗಬೇಕು, ಬೇಡ ಅನ್ನುವವರು ಇಲ್ಲ ಎಂದು ಕೂಗಬೇಕು. ಯಾವ ಕೂಗು ದೊಡ್ಡದೆಂದು ಸಭಾಧ್ಯಕ್ಷನಿಗೆ ಗೊತ್ತಾಗದಿದ್ದರೆ ಜನರನ್ನು ಎಬ್ಬಿಸಿ ನಿಲ್ಲಿಸಿ ತಲೆ ಎಣಿಸುತ್ತಾರೆ. ಮಧ್ಯಾಹ್ನದ ಊಟ ಆರನೇ ತರಗತಿ ಮಕ್ಕಳ ತಂದೆತಾಯಿಯರದು. ಅದನ್ನು ಮಾರಿ ಬಂದ ಹಣ ಮಕ್ಕಳ ಪ್ರವಾಸಕ್ಕೆ. ಎಲೋದಿಯಾಳ ಮಗಳು ಯಾರೆಲಿ ಈ ವರ್ಷ ಆರನೇ ತರಗತಿ. ಹಾಗಾಗಿ ಎಲೋದಿಯಾ ಒಂದು ಡಬರಿ ತುಂಬ ತಮಾಲೆ ಎಂಬ ಜೋಳದ ಕಡುಬು ಬೇಯಿಸಿಕೊಂಡು ಹೋಗಿದ್ದಳು. ಹೋದವಳ ಕೈಗೆ ಯಾರೋ ಕಾಫಿಯ ಹೂಜಿ ಕೊಟ್ಟರು.

ಆ ಹೊತ್ತಿಗೆ ಚರ್ಚೆಗೆ ಬಂದಿದ್ದು ಕಾಬ್ ಗುಡ್ಡದ ಮೇಲಿನ ರಸ್ತೆ. ಮೂರೇ ಮನೆಗಳಿರುವ ಆ ರಸ್ತೆಯಲ್ಲಿ ಇನ್ನು ಮುಂದೆ ಊರಿನ ವತಿಯಿಂದ ಹಿಮ ತೆಗೆಯುವುದು ಬೇಡ ಎಂಬ ನಿರ್ಣಯ. ರಸ್ತೆಯ ಕೊನೆಯ ಮನೆ ಹ್ಯಾಡ್ಲಿಯದು. ಎಪ್ಪತ್ತು ದಾಟಿದ ಒಂಟಿ ಮನುಷ್ಯ. ಹಿಮ ತೆಗೆಯದಿದ್ದರೆ ಚಳಿಗಾಲವೆಲ್ಲ ಮನೆಯೊಳಗೇ ಬಂದಿ. ಕೂಗಿನಲ್ಲಿ ತೀರ್ಮಾನವಾಗಲಿಲ್ಲ. ನಿರ್ಣಯದ ಪರ ಇರುವವರು ಎದ್ದು ನಿಲ್ಲಿ ಎಂದ ಸಭಾಧ್ಯಕ್ಷ. ಜನ ಎದ್ದರು. ಹ್ಯಾಡ್ಲಿ ಏಳಲಿಲ್ಲ, ಏಳುವ ಮಾತೇ ಇರಲಿಲ್ಲ. ಅವನು ಕೂತಲ್ಲಿಂದಲೇ ಎಲೋದಿಯಾಳತ್ತ ಬಟ್ಟಲು ಚಾಚಿದ. ಅವಳು ಬಗ್ಗಿ ಕಾಫಿ ಬಗ್ಗಿಸಿ ಹೊರಡಲು ನೆಟ್ಟಗಾದಳು. "ಇನ್ನೊಂದ್ ಚೂರು," ಎಂದ. ನಿಂತಳು.

ಎಣಿಸುವವರಿಬ್ಬರು, ಅವರಲ್ಲೊಬ್ಬರು ಊರಿನ ಹಳೇ ಶಾಲಾ ಮೇಷ್ಟ್ರು, ಬೆರಳು ತೋರಿಸುತ್ತ ಸಾಲುಗಳ ನಡುವೆ ಹಾದುಹೋದರು. ಮೇಷ್ಟರ ಬೆರಳು ತನ್ನ ಮೇಲೂ ಒಂದು ಗಳಿಗೆ ನಿಂತದ್ದು ಎಲೋದಿಯಾಳಿಗೆ ನೆನಪಿದೆ. ಊಟಕ್ಕೆ ತಲೆ ಎಣಿಸುತ್ತಿದ್ದಾರೆ ಎಂದುಕೊಂಡಿದ್ದಳು. ತಮಾಲೆ ಸಾಲುವುದಿಲ್ಲವಲ್ಲ ಎಂದೂ ಅನ್ನಿಸಿತ್ತು.

ನಿರ್ಣಯ ಒಂದೇ ಮತದಿಂದ ಗೆದ್ದಿತು. ಅವಳ ತಲೆಯನ್ನು ಲೆಕ್ಕದಿಂದ ಕಳೆದರೆ ಎರಡೂ ಕಡೆ ಸಮ, ನಿರ್ಣಯ ಬಿದ್ದಂತೆ.

"ಏನೂ ಆಗಲ್ಲ," ಎಂದ ಮೆರ್ಲ್. "ನೀನು ಕಾಫಿ ಕೊಡ್ತಿದ್ದಿದ್ದು ಎಲ್ರಿಗೂ ಗೊತ್ತು."

"ಎಲ್ರಿಗೂ ಅಂದ್ರೆ ಯಾರಿಗೆ? ನನ್ನನ್ನ ವಿಮಾನ ಹತ್ತಿಸೋರಿಗೆ ಗೊತ್ತಾ?"

ಮೆರ್ಲ್ ಕೆಟ್ಟವನಲ್ಲ. ಹನ್ನೊಂದು ವರ್ಷದ ಹಿಂದೆ ಹಿಮ ಸುರಿಯುವಾಗ ಅವಳನ್ನು ಹೆರಿಗೆಗೆ ಕರೆದುಕೊಂಡು ಹೋದವನು ಅವನೇ. ಆದರೆ ಏನೂ ಆಗಲ್ಲ ಎಂಬ ಮಾತನ್ನು ಅಷ್ಟು ಸಲೀಸಾಗಿ ಆಡಬಲ್ಲವರನ್ನು ಕಂಡರೆ ಎಲೋದಿಯಾಳಿಗೆ ಮೈ ಉರಿಯುತ್ತದೆ. ಆ ಮಾತು ಆಡುವವರಿಗೆ ಯಾವತ್ತೂ ಏನೂ ಆಗಿರುವುದಿಲ್ಲ.

ಮೆಕ್ಸಿಕೊ ದೇಶದ ವೆರಾಕ್ರೂಸ್ ಸೀಮೆಯ ಸೋಂಗೋಲಿಕಾ ಬೆಟ್ಟಗಳಲ್ಲಿ ಹುಟ್ಟಿದ ಅವಳು ಕಾಗದಪತ್ರವಿಲ್ಲದೆ ಇಲ್ಲಿಗೆ ಬಂದಾಗ ಇಪ್ಪತ್ತನಾಲ್ಕು ವರ್ಷ. ಕೆನಡಾದ ಗಡಿ ಇಲ್ಲಿಂದ ಕೂಗಳತೆಯಲ್ಲಿದೆ. ಗಡಿಪಡೆಯ ಗಾಡಿಗಳು ದಿನಾ ಓಡಾಡುತ್ತವೆ. ಒಂಬತ್ತು ವರ್ಷ ಅವಳು ಕೊಟ್ಟಿಗೆ, ಅದರ ಹಿಂದೆ ತಾನು ವಾಸವಿದ್ದ ಗಾಡಿಮನೆ, ಹಾಲಿನ ಕೋಣೆ ಬಿಟ್ಟು ಆಚೆ ಹೆಚ್ಚು ಕಾಲಿಟ್ಟವಳಲ್ಲ. ಅಂಗಡಿ ಸಾಮಾನು ತರುತ್ತಿದ್ದವಳು ಮೆರ್ಲನ ಹೆಂಡತಿ. ಮೆಣಸಿನಕಾಯಿ ಅಂದರೆ ದೊಣ್ಣೆ ಮೆಣಸಿನಕಾಯಿ ತಂದಳು. ಖಾರದ್ದು ಅಂದರೆ ಕೆಂಪು ಬಣ್ಣದ ದೊಣ್ಣೆ ಮೆಣಸಿನಕಾಯಿ ತಂದಳು. ಬೇರೆಯವರು ತಂದದ್ದನ್ನು ತಿಂದು, ತಂದದ್ದಕ್ಕೆ ಥ್ಯಾಂಕ್ಸ್ ಹೇಳಿ ಒಂಬತ್ತು ವರ್ಷ ಕಳೆದಳು. ಮಗಳ ಶಾಲೆಯ ಬಾಗಿಲು ಸಹ ಅವಳು ನೋಡಿದ್ದು ಫೋಟೊದಲ್ಲಿ.

ಕಾಗದಪತ್ರ ಇಲ್ಲದವರಿಗೂ ರಾಜ್ಯ ಸರ್ಕಾರ ಗಾಡಿ ಓಡಿಸುವ ಕಾರ್ಡು ಕೊಡುತ್ತದೆ ಎಂಬುದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಸರ್ಕಾರದ ಕಿಟಕಿಯ ಮುಂದೆ ಹೋಗಿ ತನ್ನ ಹೆಸರು ಹೇಳುವ ಧೈರ್ಯ ಬರಲು ಅಷ್ಟು ವರ್ಷ ಬೇಕಾಯಿತು. ಹೋಗುವ ಮುಂಚೆ ಕೂಲಿಕಾರರ ಸಂಘದ ಹೆಂಗಸೊಬ್ಬಳು ಎಚ್ಚರಿಸಿದ್ದಳು: ಲೈಸೆನ್ಸ್ ಕೊಡುವ ಆಫೀಸಿನವರೇ ಜನರನ್ನು ಮತದಾರರ ಪಟ್ಟಿಗೂ ಸೇರಿಸುತ್ತಾರೆ, ನೀನು ಈ ದೇಶದ ಪ್ರಜೆಯೇ ಎಂಬ ಪ್ರಶ್ನೆ ಬಂದರೆ ನೋಡಿಕೊಂಡು ಗುರುತು ಹಾಕು, ಅಲ್ಲಿ ತಪ್ಪಿದರೆ ಯಾವ ವಕೀಲನೂ ಉಳಿಸಲಾರ. ಪ್ರಶ್ನೆ ಬಂತು. ಎಲೋದಿಯಾ 'ಅಲ್ಲ' ಎಂಬಲ್ಲಿ ಗುರುತು ಹಾಕಿದ ರಭಸಕ್ಕೆ ಕಾಗದ ತೂತಾಯಿತು. ಕಿಟಕಿಯ ಹಿಂದಿದ್ದ ಹುಡುಗಿ, "ಗೊತ್ತಾಯ್ತು ಬಿಡಿ," ಎಂದಳು.

ಕಾರ್ಡು ಬಂದ ವಾರ ಒಂದು ಹಳೇ ಸುಬಾರು ಕಾರು ಕೊಂಡು, ಒಬ್ಬಳೇ ಪೇಟೆಗೆ ಹೋಗಿ ಒಣ ಮೆಣಸಿನಕಾಯಿ ತಂದಳು. ಅಂದು ರಾತ್ರಿ ಉಬಾಲ್ದೊ ಮೂರು ಸಲ ನೀರು ಕುಡಿದ.

ಹ್ಯಾಡ್ಲಿಯ ದೂರಿನಲ್ಲಿ ಆ ಕಾರ್ಡಿನ ಮಾತೂ ಇತ್ತು. ಕಳ್ಳದಾರಿಯಲ್ಲಿ ಬಂದವರಿಗೆ ರಾಜ್ಯ ಗುರುತಿನ ಕಾರ್ಡು ಹಂಚಿದ್ದರಿಂದಲೇ ಅವರು ಮತ ಹಾಕುವ ಮಟ್ಟಕ್ಕೆ ಬಂದಿದ್ದಾರೆ ಎಂದು ಬರೆದಿದ್ದ. ಊರಸಭೆಯ ಬಾಗಿಲಲ್ಲಿ ಯಾರೂ ಯಾರ ಕಾರ್ಡನ್ನೂ ಕೇಳುವುದಿಲ್ಲ. ಅವನ ಕಾರ್ಡನ್ನೂ ಕೇಳಿರಲಿಲ್ಲ.

ಮರುದಿನ ಬೆಳಗಿನ ಪಾಳಿ ಮುಗಿಸಿ ಎಲೋದಿಯಾ ಊರ ಕಚೇರಿಗೆ ಹೋದಳು. ಕಾರ್ಯದರ್ಶಿ ಲೋರ್ನಾ ಬಿಕ್‌ಫರ್ಡ್ ಕುರ್ಚಿ ಎಳೆದು ಕೂರಿಸಿ, ಚಹಾ ಕೊಟ್ಟು, ಒಂದು ಕಾಗದ ಮುಂದಿಟ್ಟಳು. ಸೌಮ್ಯ ಹೆಂಗಸು, ಎಲ್ಲರ ನಾಯಿಗಳ ಹೆಸರೂ ಗೊತ್ತಿರುವವಳು.

"ಇದಕ್ಕೆ ಒಂದು ಸಹಿ ಮಾಡಿಬಿಡು ಚಿನ್ನ. ಎಲ್ಲ ಸರಿಹೋಗತ್ತೆ."

ಕಾಗದದಲ್ಲಿ ನಾಲ್ಕು ಸಾಲಿದ್ದವು. ನಾನು ಈ ದೇಶದ ಪ್ರಜೆಯಲ್ಲ. ಆ ದಿನ ಸಭೆಯಲ್ಲಿ ಹಾಜರಿದ್ದೆ. ಕಾಫಿ ಹಂಚುತ್ತಿದ್ದೆ. ಮತ ಹಾಕಿಲ್ಲ.

ಎಲೋದಿಯಾ ಓದಿ ಕಾಗದವನ್ನು ವಾಪಸು ತಳ್ಳಿದಳು. "ಮೊದಲ್ನೇ ಸಾಲು ಓದಿದೋನು ನಾಲ್ಕನೇ ಸಾಲಿನ ತನಕ ಬರ್ತಾನಾ?"

"ಆದ್ರೆ ಸಹಿ ಮಾಡ್ಲಿಲ್ಲ ಅಂದ್ರೆ..."

"ಮಾಡ್ಲಿಲ್ಲ ಅಂದ್ರೆ ವೋಟು ಹಾಕಿದೀನಿ. ಮಾಡಿದ್ರೆ ಇಲ್ಲಿರೋದೇ ತಪ್ಪು. ಎರಡ್ರಲ್ಲಿ ಯಾವ್ದು ಸರಿಹೋಗೋದು, ನೀವೇ ಹೇಳಿ. ಎಣಿಸಿದೋನು ಇದಾನಲ್ಲ, ತಪ್ಪು ಎಣಿಸ್ದೆ ಅಂತ ಅವ್ನು ಬರ್ದು ಕೊಡ್ಲಿ."

"ಕೇಳ್ದೆ. ಮೇಷ್ಟ್ರು ನಲವತ್ತು ವರ್ಷದಿಂದ ಎಣಿಸ್ತಿದಾರೆ. ಲೆಕ್ಕ ಯಾವತ್ತೂ ತಪ್ಪಿಲ್ಲ ಅಂತಾರೆ. ವಯಸ್ಸಾಗಿದೆ ಪಾಪ, ಬೇಜಾರ್ ಮಾಡ್ಕೋತಾರೆ."

ಮೇಷ್ಟರಿಗೆ ಬೇಜಾರಾಗುತ್ತದೆ. ಹ್ಯಾಡ್ಲಿಗೆ ರಸ್ತೆ ಹೋಗುತ್ತದೆ. ಲೋರ್ನಾಗೆ ಕಡತ ಪೂರ್ತಿಯಾಗಬೇಕು. ಎಲ್ಲರ ಕಷ್ಟಕ್ಕೂ ಒಂದೊಂದು ಹೆಸರಿತ್ತು, ಎಲ್ಲರ ಕಷ್ಟವೂ ಎಲೋದಿಯಾಳ ಒಂದು ಸಹಿಯಿಂದ ತೀರುವಂತಿತ್ತು. ಅವಳು ಚಹಾ ಮುಟ್ಟಲಿಲ್ಲ.

"ರಸ್ತೆ ವಾಪಸ್ ಪಡ್ಯೋಕೆ ಅವನಿಗೆ ಬೇರೆ ದಾರಿನೇ ಇರ್ಲಿಲ್ವಾ?"

"ಇತ್ತಲ್ಲ. ಇಷ್ಟು ಜನ ಮತದಾರರ ಸಹಿ ತಂದ್ರೆ ಮತ್ತೆ ಸಭೆ ಕರೆದು ಮತ್ತೆ ಎಣಿಸ್ತೀವಿ. ಯಾರ ತಪ್ಪೂ ತೋರಿಸ್ಬೇಕಾಗಿಲ್ಲ. ಹೇಳ್ದೆ ಅವನಿಗೆ. ಮನೆಮನೆ ಬಾಗಿಲಿಗೆ ಹೋಗೋನಲ್ಲ ನಾನು ಅಂದ." ಲೋರ್ನಾ ದನಿ ತಗ್ಗಿಸಿದಳು. "ಹೋಗೋದಾದ್ರೂ ಯಾರ ಮನೆಗೆ ಹೋಗ್ತಾನೆ ಹೇಳು? ಬೇಲಿ ವಿಷಯಕ್ಕೆ ಒಬ್ರ ಜೊತೆ, ನಾಯಿ ವಿಷಯಕ್ಕೆ ಇನ್ನೊಬ್ರ ಜೊತೆ. ಜಗಳ ಆಡದೆ ಇರೋ ಮನೆ ಒಂದಿಲ್ಲ."

ಎಲೋದಿಯಾ ಎದ್ದಳು. "ಕಂಪ್ಲೇಂಟ್ ಈಗ ಎಲ್ಲಿದೆ?"

"ನನ್ನ ಹತ್ರನೇ ಇದೆ," ಎಂದಳು ಲೋರ್ನಾ ಕಡತ ತಟ್ಟಿ.

ಹಿಮ ಕರಗಿ ಮಣ್ಣು ರಸ್ತೆಗಳೆಲ್ಲ ಅಂಬಲಿಯಾಗುವ ಕಾಲ. ಕಾಬ್ ಗುಡ್ಡದ ಮೇಲಿನ ರಸ್ತೆಯಲ್ಲಿ ಅವಳ ಕಾರು ಎರಡು ಕಡೆ ಜಾರಿತು. ತಿರುವಿನಲ್ಲಿ ಹ್ಯಾಡ್ಲಿಯ ಟ್ರಕ್ಕು ಅಚ್ಚಿನ ತನಕ ಹೂತು ನಿಂತಿತ್ತು. ದೂರು ಕೊಟ್ಟು ಹಿಂದಿರುಗುವಾಗ ಸಿಕ್ಕಿಕೊಂಡದ್ದು, ಎಳೆಯಲು ಯಾರನ್ನೂ ಕರೆದಿರಲಿಲ್ಲ. ಅವನು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಮೇಪಲ್ ಮರದ ರಸವನ್ನು ಸಿರಪ್ಪಿಗಾಗಿ ಕುದಿಸುತ್ತಿದ್ದ. ಹಬೆಯ ನಡುವಿನಿಂದ ಅವನ ಮುಖ ಕಂಡಿತು.

"ಸಿರಪ್ ಮಾರೋಕಿಲ್ಲ," ಎಂದ.

"ನಾನು ಕೊಳ್ಳೋಕೆ ಬಂದಿಲ್ಲ, ಹ್ಯಾಡ್ಲಿಯವ್ರೇ. ನಾನು ಯಾರು ಗೊತ್ತಾಯ್ತಾ?"

"ಗೊತ್ತು. ನೋಡು ಹುಡುಗಿ, ನಿನ್ನ ಮೇಲೆ ನಂಗೇನೂ ಇಲ್ಲ. ಇದು ಕಾನೂನಿನ ಪ್ರಶ್ನೆ."

"ನಂಗೆ ಮೂವತ್ತೆಂಟು ವರ್ಷ. ಹುಡುಗಿ ಅಲ್ಲ. ಅವತ್ತು ನಾನು ಯಾಕೆ ನಿಂತಿದ್ದೆ?"

ಹ್ಯಾಡ್ಲಿ ಒಲೆಗೆ ಸೌದೆ ಒಟ್ಟಿದ.

"ಕೇಳಿಸ್ತಾ? ನಾನು ಯಾಕೆ ನಿಂತಿದ್ದೆ ಅಲ್ಲಿ?"

"ಕಾಫಿ ಹಾಕ್ತಿದ್ದೆ."

"ಯಾರಿಗೆ?"

"...ನನಗೆ."

"ಹೊರಟೋಳನ್ನ ಇನ್ನೊಂದ್ ಚೂರು ಅಂತ ನಿಲ್ಸಿದ್ಯಾರು?"

"ನಿನ್ನನ್ನ ಎಣಿಸಿದ್ದು ನಾನಲ್ಲವಲ್ಲ! ಒಂದು ವೋಟಲ್ಲಿ ನನ್ನ ರಸ್ತೆ ಹೋಯ್ತು. ಡಿಸೆಂಬರಲ್ಲಿ ನಾನು ಇಲ್ಲೇ ಸತ್ತು ಬಿದ್ರೆ ಏಪ್ರಿಲ್ ತನಕ ಯಾರಿಗೂ ಗೊತ್ತಾಗಲ್ಲ, ಅದು ಗೊತ್ತಾ ನಿಂಗೆ? ನಾನೇನು ಸುಮ್ನೆ ಕೂರ್ಬೇಕಿತ್ತಾ?"

"ಕೂರ್ಬೇಡ. ಆದ್ರೆ ಬಾಗಿಲು ತಟ್ಟಬೇಕಿತ್ತು. ನಾಲ್ಕು ಜನರ ಹತ್ರ ಹೋಗಿ, ತಪ್ಪಾಯ್ತು, ನಂಗೆ ರಸ್ತೆ ಬೇಕು ಅಂತ ಕೇಳ್ಬೇಕಿತ್ತು. ಅದಕ್ಕೆ ನಿನ್ನ ಕತ್ತು ಬಗ್ಗಲಿಲ್ಲ. ಊರಲ್ಲೆಲ್ಲ ಜಗಳ ಆಡ್ದೆ ಉಳಿಸ್ಕೊಂಡಿದ್ದು ನನ್ನೊಬ್ಬಳನ್ನ, ರಾಯ್ಸ್. ನನ್ನ ತಲೆ ತಗೊಂಡ್ರೆ ಯಾರ ಬಾಗಿಲೂ ತಟ್ಟಬೇಕಾಗಿಲ್ಲ. ನನ್ನ ಮಗಳು ಶಾಲೆಯಿಂದ ಬಂದಾಗ ಮನೇಲಿ ಯಾರಿರ್ಬೇಕು? ಅದನ್ನೂ ಬರೀಬೇಕಿತ್ತು ಕಂಪ್ಲೇಂಟಲ್ಲಿ."

ತನ್ನ ದನಿ ಅಷ್ಟು ದೊಡ್ಡದಾಗಬಲ್ಲದೆಂದು ಎಲೋದಿಯಾಳಿಗೆ ಗೊತ್ತಿರಲಿಲ್ಲ. ಈ ದೇಶಕ್ಕೆ ಬಂದ ಮೇಲೆ ಅವಳು ಹಸುಗಳನ್ನು ಬಿಟ್ಟು ಇನ್ಯಾರ ಮೇಲೂ ಕೂಗಿರಲಿಲ್ಲ. ರಸ ಉಕ್ಕಿ ಬಂತು. ಹ್ಯಾಡ್ಲಿ ಬೆಣ್ಣೆಯ ಚೂರೊಂದನ್ನು ಎಸೆದ, ನೊರೆ ಇಳಿಯಿತು.

"ಈಗೇನ್ ಮಾಡ್ಬೇಕು ಅಂತೀಯ?"

"ಒಲೆ ಆರ್ಸು. ಕಾರು ಹತ್ತು."

"ಎಲ್ಲಿಗೆ?"

"ಸಹಿಗೆ. ಆಮೇಲೆ ಕಂಪ್ಲೇಂಟ್ ವಾಪಸ್ ತಗೋ."

"ಸಂಜೆ ನಿಂಗೆ ಹಾಲು ಕರೆಯೋದಿಲ್ವಾ?"

"ಅದು ನನ್ನ ತಲೆನೋವು."

ನಾಲ್ಕು ಮಧ್ಯಾಹ್ನ ಅವಳು ಅವನನ್ನು ಊರೆಲ್ಲ ಸುತ್ತಿಸಿದಳು. ಮಾತು ಹೆಚ್ಚಿರಲಿಲ್ಲ. ಕಾರಿನ ಬಿಸಿಗಾಳಿ ಜಾಸ್ತಿಯಾಯಿತು ಎಂದ ಒಮ್ಮೆ. ಅವಳು ಕಡಿಮೆ ಮಾಡಲಿಲ್ಲ. ಪ್ರತಿ ಮನೆಯ ಮುಂದೆಯೂ ಅವನು ಇಳಿಯಲು ಹಿಂಜರಿಯುತ್ತಿದ್ದ. ಅವಳು ಎಂಜಿನ್ ಆರಿಸಿ, ಕೈಕಟ್ಟಿ ಕೂರುತ್ತಿದ್ದಳು. ಮುದುಕ ಕೊನೆಗೆ ಇಳಿದು ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದ.

ಬೇಲಿಯ ಜಗಳದ ಮನೆಯಲ್ಲಿ ಬಾಗಿಲು ತೆರೆದ ಹೆಂಗಸು ಅವನನ್ನೂ ಕಾರನ್ನೂ ಒಂದರ ನಂತರ ಒಂದು ನೋಡಿದಳು.

"ರಾಯ್ಸ್, ನೀನು ಕಂಪ್ಲೇಂಟ್ ಕೊಟ್ಟಿದ್ದು ಇವಳ ಮೇಲಲ್ವಾ?"

"ಹೂಂ."

"ಮತ್ತೆ ಇವಳ ಕಾರಲ್ಲೇ ಮೆರವಣಿಗೆ ಬಂದಿದೀಯಲ್ಲೋ, ನಾಚಿಕೆ ಇಲ್ವಾ?"

ಎಲೋದಿಯಾ ಕಿಟಕಿಯ ಗಾಜು ಇಳಿಸಿದಳು. "ನಂಗೆ ಓಡ್ಸೋಕೆ ಪರ್ಮಿಷನ್ ಇದೆ ಮೇಡಂ, ವೋಟಿಗಿಲ್ಲ. ಇವ್ರಿಗೆ ವೋಟಿದೆ, ಗಾಡಿ ಕೆಸರಲ್ಲಿದೆ."

ಹೆಂಗಸು ಬಿದ್ದುಬಿದ್ದು ನಕ್ಕು ಸಹಿ ಹಾಕಿದಳು. ಎಲೋದಿಯಾಳಿಗೆ ನಗು ಬರಲಿಲ್ಲ. ಊರಿಗೆ ಇದೊಂದು ಒಳ್ಳೆಯ ಕತೆಯಾಗುತ್ತಿದೆ ಎಂದು ಅವಳಿಗೆ ಆಗಲೇ ತಿಳಿದಿತ್ತು. ಅಂಗಡಿಯಲ್ಲಿ ಜನ ಅವಳನ್ನು ನಿಲ್ಲಿಸಿ ಬೆನ್ನು ತಟ್ಟತೊಡಗಿದ್ದರು. ನೀನು ಗಟ್ಟಿಗಿತ್ತಿ ಎನ್ನುತ್ತಿದ್ದರು. ಅವರಲ್ಲಿ ಯಾರೊಬ್ಬರೂ ಮೇಷ್ಟರ ಮನೆಗೆ ಹೋಗಿ, ನೀವು ತಪ್ಪು ಎಣಿಸಿದಿರಿ ಎಂದಿರಲಿಲ್ಲ. ಎಣಿಸುವಾಗ ಅವಳ ಎರಡೂ ಪಕ್ಕದಲ್ಲಿ ಕೂತಿದ್ದವರೂ ಅವರೇ.

"ಸಂಜೆ ಪಾಳೀನೂ ನಂದೇ ಆಯ್ತು," ಎಂದ ಉಬಾಲ್ದೊ ನಾಲ್ಕನೇ ದಿನ. "ಆ ಮುದುಕನ್ನ ಮದ್ವೆ ಆಗೋ ಪ್ಲಾನಾ ಅಕ್ಕ? ಪೇಪರೂ ಸಿಗತ್ತೆ, ಸಿರಪ್ಪೂ ಸಿಗತ್ತೆ."

"ಬಾಯಿ ಮುಚ್ಕೊಂಡು ಕೆಚ್ಚಲು ಒರಸು."

ಬೇಕಾದ ಸಹಿಗಳು ಆದವು, ಮೇಲೆ ಹತ್ತಾರು ಹೆಚ್ಚೇ ಆದವು. ಸೋಮವಾರ ಬೆಳಗ್ಗೆ ಇಬ್ಬರೂ ಊರ ಕಚೇರಿಗೆ ಹೋದರು. ಲೋರ್ನಾ ಹಾಳೆಗಳನ್ನು ಮತದಾರರ ಪಟ್ಟಿಯೊಂದಿಗೆ ತಾಳೆ ನೋಡಿದಳು. ಸರಿ ಇದೆ, ಮತ್ತೆ ಸಭೆ ಕರೆಯುತ್ತೇವೆ ಎಂದಳು. ಹ್ಯಾಡ್ಲಿ ದೂರು ಹಿಂತೆಗೆದುಕೊಳ್ಳುತ್ತೇನೆಂದು ಎರಡು ಸಾಲು ಬರೆದು ಸಹಿ ಮಾಡಿದ. ಲೋರ್ನಾ ಅದನ್ನು ಓದಿದಳು. ಕನ್ನಡಕ ತೆಗೆದಳು.

"ಇದನ್ನ ಫೈಲಿಗೆ ಸೇರಿಸ್ತೀನಿ. ಆದ್ರೆ ಮೊದಲ್ನೇದು ಹೋಗಿಬಿಟ್ಟಿದೆ."

"ಎಲ್ಲಿಗೆ?" ಎಂದಳು ಎಲೋದಿಯಾ.

"ರಾಜ್ಯದ ರಾಜಧಾನಿಗೆ. ವೋಟಿನ ಕಂಪ್ಲೇಂಟ್ ಯಾವ್ದೇ ಬಂದ್ರೂ ಕಾಪಿ ಕಳಿಸ್ಬೇಕು ಅಂತ ರೂಲ್ಸು. ಬಂದ ದಿನಾನೇ ಕಳಿಸ್ದೆ. ಅಲ್ಲಿಂದ ವಾಪಸ್ ತಗೊಳ್ಳೋಕೆ ಬರಲ್ಲ ಚಿನ್ನ."

"ನಿಮ್ಮ ಹತ್ರನೇ ಇದೆ ಅಂದ್ರಿ."

"ಇದೆಯಲ್ಲ, ಮೂಲ ಪ್ರತಿ. ಕಾಪಿ ಬಗ್ಗೆ ನೀನು ಕೇಳ್ಲಿಲ್ಲ."

ಎಲೋದಿಯಾ ಅವಳನ್ನೇ ನೋಡಿದಳು. ಲೋರ್ನಾಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆ ನೀರನ್ನು ಕಂಡು ಎಲೋದಿಯಾಳ ಸಿಟ್ಟು ಹೆಚ್ಚಿತೇ ಹೊರತು ಇಳಿಯಲಿಲ್ಲ.

"ಅಳ್ಬೇಡಿ," ಎಂದಳು. "ನೀವು ಅತ್ರೆ ನಾನು ಸಮಾಧಾನ ಮಾಡ್ಬೇಕಾಗತ್ತೆ. ಅದಕ್ಕೆ ನಂಗೆ ಟೈಮಿಲ್ಲ."

ಹ್ಯಾಡ್ಲಿ ಬಾಗಿಲ ಬಳಿ ಟೋಪಿ ಹಿಂಡುತ್ತ ನಿಂತಿದ್ದ. "ನಾನು ಹೋಗಿ ಹೇಳ್ತೀನಿ ಅವ್ರಿಗೆ. ಕಾಫಿಗೆ ನಿಲ್ಸಿದ್ದು ನಾನು ಅಂತ."

"ಹೇಳು," ಎಂದಳು. "ಅವತ್ತೇ ಹೇಳ್ಬೇಕಿತ್ತು."

ಅವನನ್ನು ಕಾಬ್ ಗುಡ್ಡಕ್ಕೆ ಬಿಟ್ಟು, ಮಗಳ ಶಾಲೆ ಬಿಡುವ ಹೊತ್ತಿಗೆ ಬಾಗಿಲಲ್ಲಿ ಹೋಗಿ ನಿಂತಳು. ಯಾರೆಲಿ ಕಾರು ಹತ್ತುತ್ತಲೇ, ನೀನು ಯಾಕೆ ಬಂದೆ, ಬಸ್ಸಿತ್ತಲ್ಲ ಎಂದಳು. ಎಲೋದಿಯಾ ಹಿಂದೆಂದೂ ಅವಳಿಗೆ ಹೇಳಿರದಿದ್ದ ಕೆಲವು ಸಂಗತಿಗಳನ್ನು ದಾರಿಯಲ್ಲಿ ಹೇಳಿದಳು. ತಾನು ಸಂಜೆ ಬರದೇ ಹೋದರೆ ಯಾರಿಗೆ ಫೋನು ಮಾಡಬೇಕು, ಯಾರ ಮನೆಯಲ್ಲಿ ಇರಬೇಕು, ಅಜ್ಜಿಯ ಊರಿನ ವಿಳಾಸ ಏನು. ಹುಡುಗಿ ಎಲ್ಲವನ್ನೂ ಒಂದು ಸಲ ತಿರುಗಿ ಹೇಳಿ ಒಪ್ಪಿಸಿದಳು. ಆಮೇಲೆ ಯಾರ ಮೇಲೋ ಕಲ್ಲೆಸೆಯುವವಳಂತೆ ಚೀಲವನ್ನು ಹಿಂದಿನ ಸೀಟಿಗೆ ಎಸೆದಳು. ಎಲೋದಿಯಾ ಬೈಯಲಿಲ್ಲ.

ರಸ್ತೆಯ ವಿಷಯಕ್ಕೆ ಊರಸಭೆ ಮೇ ತಿಂಗಳಲ್ಲಿ ಮತ್ತೆ ಸೇರುತ್ತದೆ. ದೂರಿನ ವಿಚಾರಣೆ ಅದಕ್ಕಿಂತ ಮೊದಲು, ಬರುವ ಬುಧವಾರ, ಊರ ಕಚೇರಿಯಲ್ಲಿ. ರಾಜಧಾನಿಯಿಂದ ಬಂದ ಪತ್ರದಲ್ಲಿ ಹ್ಯಾಡ್ಲಿಯನ್ನೂ ತಲೆ ಎಣಿಸಿದ ಇಬ್ಬರನ್ನೂ ಹಾಜರಾಗಲು ಹೇಳಿದೆ. ಅಗತ್ಯ ಕಂಡರೆ ಎಲೋದಿಯಾ ತೆಪೋಲೆಗೆ ಪ್ರತ್ಯೇಕವಾಗಿ ತಿಳಿಸಲಾಗುವುದು ಎಂದಿದೆ.